ಅಡುಗೆಮನೆ ಕೆಲಸ, ಭಾಗ 3: ಕಾಮನ್ ಗೋಡೆಗೆ ಸರ್ವೇಯರ್ ಸಿಕ್ಕರು

ಹೋದ ಸಲ ಬರೆದಾಗ ನಕ್ಷೆ ಮುಗಿದಿತ್ತು. ಆಮೇಲೆ ಎರಡು ತಿಂಗಳು ಒಂದು ಇಟ್ಟಿಗೆಯನ್ನೂ ಮುಟ್ಟಿಲ್ಲ. ಅಷ್ಟೂ ದಿನ ಒಂದೇ ಓಡಾಟ. ನಮಗೂ ಪಕ್ಕದ ಮನೆಗೂ ನಡುವೆ ಇರುವ ಗೋಡೆಗೆ ಸರಿಯಾದ ಸರ್ವೇಯರ್ ಹುಡುಕುವುದು. ಇಂಗ್ಲೆಂಡಿನಲ್ಲಿ ಸಾಲುಮನೆ ಕೊಂಡ ನಮ್ಮವರು ತುಂಬಾ ಜನ ಇದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ಈ ಭಾಗವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಹೊಸದಾಗಿ ಓದುವವರಿಗೆ: ನಮ್ಮದು ರೆಡಿಂಗ್‌ನಲ್ಲಿ ನೂರು ವರ್ಷ ದಾಟಿದ ಮನೆ. ಹಿಂದಿನ ಗೋಡೆ ಒಡೆದು ಅಡುಗೆಮನೆಯನ್ನು 3 ಮೀಟರ್ ಮುಂದಕ್ಕೆ, ಹಿತ್ತಲ ಕಡೆಗೆ ತರುತ್ತಿದ್ದೇವೆ. ಮೇಲಿನ ಭಾರ ಹೊರಲು ಉಕ್ಕಿನ ಬೀಮ್ ಬೇಕು. ಅದರ ಒಂದು ತುದಿ ಕಾಮನ್ ಗೋಡೆಯೊಳಗೆ ಕೂರಬೇಕು. ಗೋಡೆಯ ದಪ್ಪ 9 ಇಂಚು, ಅಷ್ಟೇ. ಹೊಸ ಪಾಯವೂ ಪಕ್ಕದವರ ಪಾಯದ ಮಗ್ಗುಲಲ್ಲೇ ಬರುತ್ತದೆ.

ಫೆಬ್ರವರಿ 8

ಇಂಜಿನಿಯರ್ ಲೆಕ್ಕ ಕಳಿಸಿದರು. ಜೊತೆಗೇ ಒಂದು ಮಾತು: ‘ಪಾರ್ಟಿ ವಾಲ್ ನೋಟಿಸ್ ಕೊಟ್ರಾ?’

ಕಾಮನ್ ಗೋಡೆಗೆ ಇಲ್ಲಿ ಪಾರ್ಟಿ ವಾಲ್ ಅನ್ನುತ್ತಾರೆ. ಇದಕ್ಕೆ 1996ರ ಕಾಯ್ದೆ ಇದೆ. ಜಾರಿಗೆ ಬಂದದ್ದು 1997ರ ಜುಲೈ 1ರಿಂದ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಕಾಮನ್ ಗೋಡೆ ಕೊರೆಯುವುದಿದ್ದರೆ ಎರಡು ತಿಂಗಳು ಮೊದಲೇ ಪಕ್ಕದವರಿಗೆ ನೋಟಿಸ್ ಕೊಡಬೇಕು. ಅವರ ಕಟ್ಟಡದಿಂದ 3 ಮೀಟರ್ ಒಳಗೆ, ಅವರ ಪಾಯಕ್ಕಿಂತ ಆಳ ಅಗೆಯುವುದಿದ್ದರೆ ಒಂದು ತಿಂಗಳು ಮೊದಲು. ಕೌನ್ಸಿಲ್ ಅನುಮತಿಗೂ ಇದಕ್ಕೂ ಸಂಬಂಧ ಇಲ್ಲ. ಅದು ಸಿಕ್ಕಿತು, ಇನ್ನೇನು ಅಂತ ಸುಮ್ನೆ ಕೂತರೆ ಕೆಲಸ ನಿಂತುಹೋಗುತ್ತದೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದಾಗ ಸರ್ವೇಯರ್ ವಿಷಯ ಹೇಳಿದೆ. ‘ಯಾಕೋ, ಗಡಿ ತಕರಾರಾ? ಹದ್ದುಬಸ್ತು ಮಾಡಿಸ್ತಿದೀಯಾ?’ ಅಂತ ಗಾಬರಿಯಾದರು. ಊರಲ್ಲಿ ಸರ್ವೇಯರ್ ಅಂದರೆ ಜಮೀನು ಅಳೆದು ಕಲ್ಲು ನೆಡಿಸುವವರು, ಅಲ್ವಾ? ಇಲ್ಲಿ ಈ ಸರ್ವೇಯರ್ ಕೆಲಸ ಅದಲ್ಲ. ಗೋಡೆ ಯಾರದು ಅಂತ ಅವರು ತೀರ್ಪು ಕೊಡಲು ಬರುವುದಿಲ್ಲ. ಕೆಲಸ ಹೇಗೆ ಆಗಬೇಕು, ಯಾವ ಹೊತ್ತಿನಲ್ಲಿ ಆಗಬೇಕು, ಪಕ್ಕದ ಮನೆಗೆ ಹಾನಿಯಾದರೆ ಏನು ಅನ್ನುವುದನ್ನು ಬರೆದು ಕೊಡುತ್ತಾರೆ. ಇದನ್ನು ಹೇಳಿದ ಮೇಲೆ ಅಪ್ಪ ಸಮಾಧಾನವಾದರು.

ಫೆಬ್ರವರಿ 16

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಒಬ್ಬರೇ ಇದ್ದಾರೆ. ನೋಟಿಸನ್ನು ಪೋಸ್ಟ್ ಮಾಡದೆ ನಾನೇ ತೆಗೆದುಕೊಂಡು ಹೋದೆ. ಟೀ ಕೊಟ್ಟರು. ನಕ್ಷೆಯನ್ನು ಮೇಜಿನ ಮೇಲೆ ಹರಡಿ ತೋರಿಸಿದೆ. ತಲೆಯಾಡಿಸಿದರು, ಸಹಿ ಮಾತ್ರ ಹಾಕಲಿಲ್ಲ. ನೋಡಿ ಹೇಳ್ತೀನಿ ಅಂದರು.

ಮಾರ್ಚ್ 4

ನೋಟಿಸಿಗೆ ಉತ್ತರ ಕೊಡಲು ಇರುವ 14 ದಿನ ಕಳೆಯಿತು. ಉತ್ತರ ಬರಲಿಲ್ಲ. ಇಂಥ ನೋಟಿಸಿಗೆ ಸುಮ್ಮನಿದ್ದರೆ ಒಪ್ಪಿದ ಹಾಗಲ್ಲ, ಒಪ್ಪಲಿಲ್ಲ ಅಂತಲೇ ಲೆಕ್ಕ. ಆಗ ಸರ್ವೇಯರ್ ಬರಲೇಬೇಕು.

ಸಂಜೆ ಅಜ್ಜಿಯ ಮಗಳು ಫೋನ್ ಮಾಡಿದರು. ಅಜ್ಜಿಗೆ ಕೋಪವೇನೂ ಇಲ್ಲ, ಭಯ. ಯಾರ್‍ಯಾರೋ ಸರ್ವೇಯರ್‌ಗಳಿಂದ ಮೂರು ಕಾಗದ ಬಂದಿವೆಯಂತೆ, ‘ನಿಮ್ಮ ಹಕ್ಕು ಕಾಪಾಡುತ್ತೇವೆ, ಖರ್ಚು ಪಕ್ಕದವರದು’ ಅಂತ. ಕೌನ್ಸಿಲ್‌ಗೆ ಅರ್ಜಿ ಹಾಕಿದರೆ ಅದು ಎಲ್ಲರ ಕಣ್ಣಿಗೆ ಬೀಳುತ್ತದೆ. ಅದನ್ನು ನೋಡಿಕೊಂಡೇ ಇಂಥ ಕಾಗದಗಳು ಹೊರಡುತ್ತವೆ. ಒಂಟಿಯಾಗಿರುವ ವಯಸ್ಸಾದವರ ಮನೆ ಬಾಗಿಲಿಗೆ ಹೀಗೆ ಹೆದರಿಸುವ ಕಾಗದ ಹಾಕುವುದು ನನಗೆ ಬಹಳ ಬೇಸರ ತಂದಿತು.

ಮಾರ್ಚ್ 5ರಿಂದ 15

ದಾರಿ ಎರಡು. ಇಬ್ಬರೂ ಒಪ್ಪಿ ಒಬ್ಬರನ್ನೇ ಇಟ್ಟುಕೊಳ್ಳಬಹುದು. ಇಲ್ಲವೇ ನಮಗೊಬ್ಬರು, ಅವರಿಗೊಬ್ಬರು. ಆಗ ಆ ಇಬ್ಬರು ಸೇರಿ ಮೂರನೆಯವರನ್ನು ಗೊತ್ತು ಮಾಡಿಡುತ್ತಾರೆ, ತಮ್ಮಲ್ಲಿ ಒಮ್ಮತ ಬರದಿದ್ದರೆ ಹೋಗಲಿಕ್ಕೆ. ಎರಡರಲ್ಲೂ ಸಾಮಾನ್ಯವಾಗಿ ಹಣ ಕೊಡುವುದು ಕೆಲಸ ಮಾಡಿಸುವವರೇ, ಅಂದರೆ ನಾವು.

ಇಲ್ಲಿ ಎರಡು ವಿಷಯ ತುಂಬಾ ಮುಖ್ಯ. ಒಂದು, ಕಾಯ್ದೆ ಸರ್ವೇಯರ್‌ಗೆ ಯಾವ ಡಿಗ್ರಿಯನ್ನೂ ಕೇಳುವುದಿಲ್ಲ. ಮನೆಯ ಮಾಲೀಕರಾದ ನಾವಾಗಲಿ ಅವರಾಗಲಿ ಆಗಿರಬಾರದು, ಅಷ್ಟೇ. ಹಾಗಾಗಿ ಬೋರ್ಡ್ ಹಾಕಿಕೊಂಡವರೆಲ್ಲ ಅನುಭವಸ್ಥರು ಅನ್ನುವ ಹಾಗಿಲ್ಲ. ಎರಡು, ಒಮ್ಮೆ ಬರವಣಿಗೆಯಲ್ಲಿ ನೇಮಿಸಿದರೆ ವಾಪಸ್ ತೆಗೆಯಲು ಬರುವುದಿಲ್ಲ. ಇಷ್ಟವಾಗಲಿಲ್ಲ ಅಂತ ಬಿಡಿಸುವ ಹಾಗಿಲ್ಲ. ಆರಿಸುವ ಮೊದಲೇ ನೋಡಿಕೊಳ್ಳಬೇಕು.

ಮೂರು ಜನರ ಜೊತೆ ಮಾತಾಡಿದೆ.

ಮೊದಲನೆಯವರ ದರ ಕಡಿಮೆ. ಬಿಡಿಸಿ ಕೇಳಿದಾಗ ಗೊತ್ತಾಯಿತು, ಅದು ಬರೀ ಕಾಗದದ ದರ. ಮನೆಗೆ ಬಂದು ನೋಡಲು ಬೇರೆ, ಕೆಲಸ ಮುಗಿದ ಮೇಲೆ ಮತ್ತೆ ಬರಲು ಬೇರೆ.

ಎರಡನೆಯವರು ಬಹಳ ಚುರುಕು. ‘ನೀವು ನನ್ನ ಕ್ಲೈಂಟ್, ನಿಮಗೆ ಅನುಕೂಲ ಆಗೋ ಹಾಗೆ ಮಾಡ್ತೀನಿ’ ಅಂದರು. ಪಕ್ಕದವರು ಮಾತಾಡದಿದ್ದರೆ 10 ದಿನದ ಗಡುವು ಹಾಕಿದ ಕಾಗದ ಕೊಟ್ಟು ಅವರ ಪರವಾಗಿ ನೀವೇ ಸರ್ವೇಯರ್ ನೇಮಿಸಬಹುದು ಅಂತಲೂ ಹೇಳಿದರು. ಕಾನೂನಿನಲ್ಲಿ ಅದಕ್ಕೆ ದಾರಿ ಇರುವುದು ನಿಜ. ಆದರೆ ಗೋಡೆಯ ಆಚೆ ಇರುವವರು ಟೀ ಕೊಟ್ಟ ಅಜ್ಜಿ. ನನಗೆ ಮನಸ್ಸು ಬರಲಿಲ್ಲ. ಯಾರು ನೇಮಿಸಿದರೂ ಸರ್ವೇಯರ್ ಇಬ್ಬರಿಗೂ ಸಮನಾಗಿರಬೇಕು. ‘ನಿಮ್ಮ ಕಡೆ’ ಅಂದವರನ್ನು ಅಲ್ಲಿಗೇ ಕೈಬಿಟ್ಟೆ.

ಮೂರನೆಯವರು ನಾನು ದರ ಕೇಳುವ ಮೊದಲೇ ನನ್ನನ್ನೇ ಪ್ರಶ್ನೆ ಕೇಳಿದರು. ಪಕ್ಕದಲ್ಲಿ ಯಾರಿದ್ದಾರೆ? ಸ್ವಂತ ಮನೆಯಾ, ಬಾಡಿಗೆಯಾ? ಅವರ ಪಾಯದ ಆಳ ನೋಡಲು ಗುಂಡಿ ತೆಗೆಸಿದ್ದೀರಾ? ಬೀಮ್ ಕೂರುವ ಜಾಗದಲ್ಲಿ ಆಚೆ ಕಡೆ ಹೊಗೆಗೂಡು ಇದೆಯಾ? ಕೊನೆಯ ಪ್ರಶ್ನೆ ನಮ್ಮ ಬಿಲ್ಡರ್‌ಗೂ ಹೊಳೆದಿರಲಿಲ್ಲ. ದರ ಎರಡನೆಯವರಿಗಿಂತ ಜಾಸ್ತಿ, ಆದರೆ ಎಷ್ಟು ಸಲ ಬರುತ್ತಾರೆ ಅನ್ನುವುದು ಸೇರಿ ಒಂದೇ ಮೊತ್ತ. ಹಳೆಯ ಒಂದು ಕೆಲಸದ ವರದಿಯನ್ನು ಹೆಸರು ಅಳಿಸಿ ಕಳಿಸಿದರು. ಓದಿದರೆ ನನಗೂ ಅರ್ಥವಾಯಿತು.

ಮಾರ್ಚ್ 18

ಅಜ್ಜಿಗೆ ನಾನು ಆ ಮೂರನೆಯವರ ಹೆಸರು ಮಾತ್ರ ಹೇಳಿ, ‘ನೀವೇ ಮಾತಾಡಿ ನೋಡಿ, ಬೇಡ ಅನಿಸಿದರೆ ನಿಮಗೆ ಬೇಕಾದವರನ್ನು ಇಟ್ಟುಕೊಳ್ಳಿ, ಹಣ ನಾವೇ ಕೊಡ್ತೀವಿ’ ಅಂದಿದ್ದೆ. ಅಜ್ಜಿ, ಮಗಳು ಇಬ್ಬರೂ ನಾನಿಲ್ಲದಾಗ ಅವರೊಂದಿಗೆ ಮಾತಾಡಿದರು. ಇವತ್ತು ಎರಡೂ ಮನೆಯವರು ಸಹಿ ಹಾಕಿದೆವು. ಒಬ್ಬರೇ ಸರ್ವೇಯರ್.

ಮಾರ್ಚ್ 27

ಅಜ್ಜಿಯ ಮನೆಯ ಈಗಿನ ಸ್ಥಿತಿ ಬರೆದುಕೊಳ್ಳುವ ದಿನ. ಅಜ್ಜಿಯೇ ನನ್ನನ್ನೂ ಕರೆದರು. ಸರ್ವೇಯರ್ ಟಾರ್ಚನ್ನು ಗೋಡೆಗೆ ಒತ್ತಿ, ಬೆಳಕು ಅಡ್ಡಲಾಗಿ ಬೀಳುವ ಹಾಗೆ ಹಿಡಿಯುತ್ತಿದ್ದರು. ಎದುರಿನಿಂದ ನುಣ್ಣಗೆ ಕಂಡ ಗೋಡೆಯಲ್ಲಿ ಹಳೆಯ ಬಿರುಕು, ಉಬ್ಬು, ಗಾರೆ ಮೆತ್ತಿದ ಗುರುತು ಎಲ್ಲಾ ಎದ್ದು ಕಂಡವು. ಒಂದೊಂದು ಬಿರುಕಿನ ಮೇಲೂ ಗೆರೆಗಳಿರುವ ಪಾರದರ್ಶಕ ಪಟ್ಟಿ ಇಟ್ಟು ಅಗಲ ನೋಡಿ, ಫೋಟೋ ತೆಗೆದರು.

ಹಾಲಿನ ಮೂಲೆಯಲ್ಲಿ ಒಂದು ಉದ್ದ ಬಿರುಕು. ಅದರ ತುದಿಯಲ್ಲಿ ಪೆನ್ಸಿಲ್‌ನಿಂದ ಚಿಕ್ಕ ಅಡ್ಡಗೆರೆ, ಪಕ್ಕದಲ್ಲಿ 1987 ಅಂತ ಬರೆದಿತ್ತು. ಅಜ್ಜಿಯ ಗಂಡ ಹಾಕಿದ್ದಂತೆ. ಸರ್ವೇಯರ್ ಅಲ್ಲೇ ಮಂಡಿಯೂರಿ ಕೂತು ತುಂಬಾ ಹೊತ್ತು ನೋಡಿದರು. ಬಿರುಕು ಆ ಗೆರೆಯನ್ನು ದಾಟಿಲ್ಲ ಅಂದರು. ವರದಿಯಲ್ಲೂ ಹಾಗೇ ಬರೆದರು. ಅಜ್ಜಿ ಆ ಗೆರೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿದರು. ಅವರಿಗೆ ಈ ಗೋಡೆ ಯಾಕಿಷ್ಟು ಮುಖ್ಯ ಅಂತ ನನಗೆ ಆಗ ಗೊತ್ತಾಯಿತು.

ಏಪ್ರಿಲ್ 10

ಅವಾರ್ಡ್ ಬಂತು. ಸರ್ವೇಯರ್ ಕೊಡುವ ತೀರ್ಮಾನದ ಕಾಗದಕ್ಕೆ ಇಲ್ಲಿ ಹಾಗೆ ಹೆಸರು. ಬೀಮ್ ಕೂರಿಸುವ ಗೂಡನ್ನು ಕೈ ಉಳಿಯಿಂದಲೇ ಕಡಿಯಬೇಕು, ದೊಡ್ಡ ಡ್ರಿಲ್ ಹಚ್ಚಬಾರದು. ಪಾಯವನ್ನು ಒಂದೇ ಸಲ ತೋಡದೆ ತುಂಡು ತುಂಡಾಗಿ ತೋಡಿ ಕಾಂಕ್ರೀಟ್ ತುಂಬಬೇಕು. ಗದ್ದಲದ ಕೆಲಸಕ್ಕೆ ಹೊತ್ತು ಗೊತ್ತು ಮಾಡಿದ್ದಾರೆ. ಒಪ್ಪದಿದ್ದರೆ ಯಾರು ಬೇಕಾದರೂ 14 ದಿನದೊಳಗೆ ಕೌಂಟಿ ಕೋರ್ಟಿಗೆ ಹೋಗಬಹುದು. ಎರಡೂ ಮನೆಯವರಿಗೆ ಒಪ್ಪಿಗೆಯಾಗಿದೆ.

ಏಪ್ರಿಲ್ 26

ನೋಟಿಸ್ ಕೊಟ್ಟು ಎರಡು ತಿಂಗಳು ಮುಗಿದಿದೆ. ಬೀಮ್ ಕೆಳಗಿನ ಕಾಂಕ್ರೀಟ್ ಬ್ಲಾಕ್ ಬಂದು ಹಿತ್ತಲಲ್ಲಿ ಕೂತಿದೆ. ಸೋಮವಾರ ಬೆಳಿಗ್ಗೆ 8ಕ್ಕೆ ಅಗೆತ ಶುರು. ಅಜ್ಜಿಯ ಹಾಲಿನಲ್ಲಿ ಗೋಡೆಗೆ ತಾಗಿದ್ದ ಪಿಂಗಾಣಿ ಸಾಮಾನಿನ ಬೀರುವನ್ನು ನಿನ್ನೆ ಸಂಜೆ ನಾನೂ ಅವರ ಮಗಳೂ ಸೇರಿ ಎರಡಡಿ ಈಚೆಗೆ ಎಳೆದಿಟ್ಟೆವು.