ಕೆನಡಾದ ಚಳಿಗಾಲಕ್ಕೆ ಕ್ಯಾಮೆರಾ ಹಿಡಿದು ಹೊರಟವರಿಗೆ

ಕೆನಡಾದ ಊರುಗಳ ಫೋಟೋ ತೆಗೆಯಲು ಹೋಗುವುದಾದರೆ ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದವರೆಗಿನ ಸಮಯ ಆರಿಸಿಕೊಳ್ಳಿ. ಅಲ್ಲಿರುವ ನೆಂಟರು, ಗೆಳೆಯರೆಲ್ಲ ‘ಬೇಸಿಗೆಯಲ್ಲಿ ಬನ್ನಿ, ಆರಾಮಾಗಿ ಓಡಾಡಬಹುದು’ ಎಂದೇ ಹೇಳುತ್ತಾರೆ. ನಮ್ಮ ಅಕ್ಕನೂ ಹಾಗೇ ಹೇಳಿದ್ದಳು. ಸುಮ್ಮನೆ ಊರು ನೋಡುವುದಕ್ಕೆ ಬೇಸಿಗೆ ಸರಿ. ಆದರೆ ಅಲ್ಲಿನ ಊರುಗಳನ್ನು ಕಟ್ಟಿರುವುದೇ ಚಳಿಯನ್ನು ತಲೆಯಲ್ಲಿಟ್ಟುಕೊಂಡು. ಕಡಿದಾದ ಮಾಡು, ನೆಲದಡಿಯ ದಾರಿ, ಗಾಜು ಹೊದಿಸಿದ ಅಂಗಳ ಇವೆಲ್ಲ ಯಾಕಿವೆ ಎಂದು ಜುಲೈನಲ್ಲಿ ಹೊಳೆಯುವುದಿಲ್ಲ. ಮೈನಸ್ 15ರಲ್ಲಿ ಅರ್ಧ ಗಂಟೆ ಹೊರಗೆ ನಿಂತವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಇನ್ನೊಂದು ಕಾರಣ ಬೆಳಕು. ಡಿಸೆಂಬರ್ ಕೊನೆಯ ನಡುಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಮಾಂಟ್ರಿಯಲ್‌ನಲ್ಲಿ 21 ಡಿಗ್ರಿ ಅಷ್ಟೇ. ನಮಗೆ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಸಿಗುವ ಓರೆ ಬಿಸಿಲು ಅಲ್ಲಿ ಹೆಚ್ಚುಕಡಿಮೆ ಇಡೀ ದಿನ ಸಿಗುತ್ತದೆ. ಕಲ್ಲಿನ ಕೆತ್ತನೆ, ಇಟ್ಟಿಗೆಯ ಸಾಲು, ಕಬ್ಬಿಣದ ಕಂಬಿ ಎಲ್ಲಕ್ಕೂ ಉದ್ದನೆಯ ನೆರಳು. ಸೂರ್ಯ ಮುಳುಗಿದ ಮೇಲೆ ಆಕಾಶ ಕಡುನೀಲಿ ಆಗುವ ಹೊತ್ತೂ ನಮ್ಮಲ್ಲಿಗಿಂತ ನಿಧಾನವಾಗಿ ಸಾಗುತ್ತದೆ. ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ಗೆ ನಾಲ್ಕೂಕಾಲಿಗೇ ಸೂರ್ಯ ಮುಳುಗುತ್ತಾನೆ. ಫೆಬ್ರವರಿಗೆ ಸೂರ್ಯಾಸ್ತ ಐದರಾಚೆ ಹೋಗುತ್ತದೆ, ಚಳಿ ಮಾತ್ರ ಹಾಗೇ ಇರುತ್ತದೆ. ಅದಕ್ಕೇ ಆ ತಿಂಗಳು.

ನನ್ನ ಮಟ್ಟಿಗೆ ಈ ಕೆಲಸಕ್ಕೆ ಎಲ್ಲಕ್ಕಿಂತ ಒಳ್ಳೆಯ ಊರು ಮಾಂಟ್ರಿಯಲ್. ಮೊದಲು ಪ್ಲಾಟೋ ಮಾಂಟ್ ರಾಯಲ್ ಬಡಾವಣೆಗೆ ಹೋಗಿ. ಎರಡು, ಮೂರು ಅಂತಸ್ತಿನ ಮನೆಗಳು, ಹೆಚ್ಚಿನ ಮನೆಗಳಿಗೆ ಹೊರಗಡೆಯಿಂದ ಕಬ್ಬಿಣದ ಮೆಟ್ಟಿಲು. ಕೆಲವು ನೇರ, ಕೆಲವು ಸುರುಳಿ, ಕೆಲವು ಅರ್ಧ ತಿರುಗಿ ಮೇಲೇರುತ್ತವೆ. ಮೆಟ್ಟಿಲು ಹೊರಗಿಟ್ಟರೆ ಒಳಗೆ ಜಾಗ ಉಳಿಯುತ್ತದೆ, ಬಿಸಿ ಮಾಡಬೇಕಾದ ಜಾಗವೂ ಕಡಿಮೆ. ಆದರೆ ಇಷ್ಟು ಹಿಮ ಬೀಳುವ ಊರಲ್ಲಿ ಅವನ್ನು ದಿನಾ ಹತ್ತಿ ಇಳಿಯಬೇಕಲ್ಲ! ಹಿಮ ಬಿದ್ದ ಮರುದಿನ ಬೆಳಗ್ಗೆ ಏಳೂವರೆಗೆ ಅಲ್ಲಿರಿ. ಒಬ್ಬರು ಸಲಿಕೆಯಿಂದ ಮೆಟ್ಟಿಲು ಕೆರೆಯುತ್ತಿರುತ್ತಾರೆ, ಇನ್ನೊಬ್ಬರು ಉಪ್ಪು ಚೆಲ್ಲುತ್ತಿರುತ್ತಾರೆ, ಕಂಬಿ ಹಿಡಿದು ಮಕ್ಕಳು ಸ್ಕೂಲಿಗೆ ಇಳಿಯುತ್ತಿರುತ್ತಾರೆ. ಕಟ್ಟಡ ಮತ್ತು ದಿನನಿತ್ಯದ ಬದುಕು ಎರಡೂ ಒಂದೇ ಚೌಕಟ್ಟಿನಲ್ಲಿ ಬರುವುದು ಅಂದರೆ ಇದೇ. ಸೇಂಟ್ ಲೂಯಿ ಚೌಕದ ಸುತ್ತಲಿನ ಬಣ್ಣದ ಮನೆಗಳನ್ನೂ ಅದೇ ಬೆಳಗ್ಗೆ ಮುಗಿಸಬಹುದು.

ರಾತ್ರಿ ಸೈರನ್ ಕೇಳಿದರೆ ಹೆದರಬೇಡಿ. ಬೀದಿಯ ಹಿಮ ಎತ್ತಲು ಬರುತ್ತಿದ್ದೇವೆ, ಕಾರು ತೆಗೆಯಿರಿ ಎಂಬ ಸೂಚನೆ ಅದು. ತೆಗೆಯದ ಕಾರನ್ನು ಎಳೆದುಕೊಂಡು ಹೋಗುತ್ತಾರೆ. ಆಮೇಲೆ ದೊಡ್ಡ ಯಂತ್ರ ಹಿಮವನ್ನು ಹೀರಿ ಪಕ್ಕದಲ್ಲೇ ಸಾಗುವ ಲಾರಿಗೆ ಕಾರಂಜಿಯಂತೆ ತೂರುತ್ತದೆ. ಹಿಂದೆ ಇನ್ನೊಂದು ಲಾರಿ, ಅದರ ಹಿಂದೆ ಮತ್ತೊಂದು. ಅವುಗಳ ಮಿನುಗುವ ದೀಪದಲ್ಲಿ ಇಡೀ ಬೀದಿ ಬೆಳಗುತ್ತದೆ. ನಾನು ಆ ಊರಲ್ಲಿ ತೆಗೆದ ಚಿತ್ರಗಳಲ್ಲಿ ನನಗೆ ಹೆಚ್ಚು ಇಷ್ಟ ಆಗಿರುವುದು ಇದರದ್ದೇ. ಪ್ರವಾಸಿಗಳು ಯಾರೂ ಇದಕ್ಕಾಗಿ ಎದ್ದು ಬರುವುದಿಲ್ಲ. ದಯವಿಟ್ಟು ದೂರ ನಿಂತು ತೆಗೆಯಿರಿ, ಚಾಲಕರಿಗೆ ಹತ್ತಿರದ ಜನ ಕಾಣಿಸುವುದಿಲ್ಲ. ಫುಟ್‌ಪಾತ್ ಮೇಲೆ ಓಡುವ ಪುಟ್ಟ ಹಿಮ ತಳ್ಳುವ ಗಾಡಿಗಳು ಇನ್ನೂ ಜೋರು. ಸದ್ದು ಕೇಳಿದ ಕೂಡಲೇ ಪಕ್ಕಕ್ಕೆ ಸರಿಯಿರಿ.

ಹೆಸರುವಾಸಿ ಕಟ್ಟಡಗಳಲ್ಲಿ ಎರಡನ್ನು ಬಿಡಬೇಡಿ. ಒಂದು ಹ್ಯಾಬಿಟಾಟ್ 67 ಎಂಬ ವಸತಿ ಸಮುಚ್ಚಯ. ಮೋಶೆ ಸಫ್ಡಿ ಇನ್ನೂ ಇಪ್ಪತ್ತರ ಹರೆಯದಲ್ಲಿದ್ದಾಗ 1967ರ ವಿಶ್ವ ಪ್ರದರ್ಶನಕ್ಕೆಂದು ವಿನ್ಯಾಸ ಮಾಡಿದ್ದು. ಪಂಜಾಬಿನ ಆನಂದಪುರ ಸಾಹಿಬ್‌ನಲ್ಲಿ ವಿರಾಸತ್ ಎ ಖಾಲ್ಸಾ ಮ್ಯೂಸಿಯಂ ನೋಡಿದವರಿಗೆ ಇವರ ಕೈಚಳಕ ಪರಿಚಯ ಇರುತ್ತದೆ. ಹ್ಯಾಬಿಟಾಟ್‌ನಲ್ಲಿ 354 ಕಾಂಕ್ರೀಟ್ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಹಿಂದೆ ಮುಂದೆ ಸರಿಸಿ ಜೋಡಿಸಿದ್ದಾರೆ. ಕೆಳಗಿನ ಮನೆಯ ಮಾಳಿಗೆ ಮೇಲಿನ ಮನೆಯ ತೋಟ. ಬೇಸಿಗೆಯ ಫೋಟೋಗಳಲ್ಲಿ ಕಾಂಕ್ರೀಟ್ ಎಲ್ಲ ಒಂದೇ ಬೂದು ರಾಶಿ. ಚಳಿಗಾಲದಲ್ಲಿ ಪ್ರತಿ ತೋಟದ ಮೇಲೂ ಬಿಳಿ ಪಟ್ಟಿ ಕೂತು ಪೆಟ್ಟಿಗೆಗಳು ಬೇರೆಬೇರೆಯಾಗಿ ಎದ್ದು ಕಾಣುತ್ತವೆ. ಜನ ವಾಸ ಮಾಡುವ ಜಾಗ ಅದು, ಒಳಗೆ ನುಗ್ಗಬೇಡಿ. ಹಳೇ ಬಂದರಿನ ಕಡೆಯಿಂದ, ನೀರಿನಾಚೆ ನಿಂತು, ಸ್ವಲ್ಪ ಉದ್ದನೆಯ ಲೆನ್ಸ್‌ನಲ್ಲಿ ತೆಗೆದರೆ ಚೆನ್ನಾಗಿ ಬರುತ್ತದೆ.

ಇನ್ನೊಂದು ಬಯೋಸ್ಫಿಯರ್. ಅದೇ ಪ್ರದರ್ಶನದಲ್ಲಿ ಅಮೆರಿಕದ ಮಂಟಪವಾಗಿದ್ದ, ಬಕ್‌ಮಿನ್‌ಸ್ಟರ್ ಫುಲ್ಲರ್ ವಿನ್ಯಾಸದ ಗೋಳ. 1976ರ ಬೆಂಕಿಯಲ್ಲಿ ಅದರ ಅಕ್ರಿಲಿಕ್ ಹೊದಿಕೆ ಸುಟ್ಟುಹೋಯಿತು, ಉಕ್ಕಿನ ಜಾಲ ಮಾತ್ರ ಉಳಿಯಿತು. ಆ ಜಾಲದ ಮೂಲಕ ಆಕಾಶ ಕಾಣುತ್ತದೆ. ಹಳದಿ ಮೆಟ್ರೋ ಮಾರ್ಗದಲ್ಲಿ ಜಾನ್ ದ್ರಪೋ ನಿಲ್ದಾಣಕ್ಕೆ ಇಳಿದರೆ ಹತ್ತಿರ.

ಮೆಟ್ರೋ ಎಂದ ಮೇಲೆ ಹೇಳಲೇಬೇಕು. 1966ರಲ್ಲಿ ಶುರುವಾದ ಈ ಮೆಟ್ರೋ ಪೂರ್ತಿ ನೆಲದಡಿಯಲ್ಲಿದೆ, ರಬ್ಬರ್ ಟೈರಿನ ಮೇಲೆ ಓಡುತ್ತದೆ, ಒಂದೊಂದು ನಿಲ್ದಾಣದ ವಿನ್ಯಾಸವೂ ಬೇರೆ. ಷಾಂ ದ ಮಾರ್ಸ್ ನಿಲ್ದಾಣದಲ್ಲಿ ಕಲಾವಿದೆ ಮಾರ್ಸೆಲ್ ಫೆರಾನ್ ಮಾಡಿದ ಬಣ್ಣದ ಗಾಜಿನ ಗೋಡೆ ಇದೆ. ಬಿಸಿಲಿರುವ ದಿನ ಅಲ್ಲಿ ಕಾದರೆ ದಪ್ಪ ಜಾಕೆಟ್ ಹಾಕಿಕೊಂಡು ಹಾದುಹೋಗುವವರ ಮೇಲೆ ಕೆಂಪು, ನೀಲಿ ಬೀಳುತ್ತದೆ. ಟ್ರೈಪಾಡ್ ಬಿಚ್ಚಬೇಡಿ, ಜನರಿಗೆ ದಾರಿ ಬಿಡಿ. ಹೊರಗೆ ಗಾಳಿ ಜಾಸ್ತಿ ಆದ ದಿನ ಇಂಥ ಕಡೆಗಳಲ್ಲೇ ಇಡೀ ಮಧ್ಯಾಹ್ನ ಕಳೆಯಬಹುದು.

ಸಂಜೆಗೆ ಮಾಂಟ್ ರಾಯಲ್ ಗುಡ್ಡದ ಕೊಂಡಿಯರೊಂಕ್ ವೀಕ್ಷಣಾ ಜಾಗ. ಅಲ್ಲಿಂದ ಊರಿನ ಎತ್ತರದ ಕಟ್ಟಡಗಳೆಲ್ಲ ಆಗ್ನೇಯಕ್ಕಿವೆ. ಹಾಗಾಗಿ ಚಳಿಗಾಲದ ಸೂರ್ಯೋದಯ ಕಟ್ಟಡಗಳ ಹಿಂದಿನಿಂದ, ಇಳಿಬಿಸಿಲು ಅವುಗಳ ಮೇಲೆ. ನಿಮಗೆ ಯಾವುದು ಬೇಕೋ ನೋಡಿಕೊಳ್ಳಿ. ನಾನಾದರೆ ಸಂಜೆಯೇ ಅನ್ನುತ್ತೇನೆ.

ಕ್ವಿಬೆಕ್ ಪ್ರಾಂತ್ಯದಲ್ಲಿ ಬೀದಿ ಫೋಟೋ ತೆಗೆಯುವವರು ಒಂದು ಸಂಗತಿ ತಿಳಿದಿರಬೇಕು. ಮಾಂಟ್ರಿಯಲ್‌ನಲ್ಲಿ ಮೆಟ್ಟಿಲ ಮೇಲೆ ಕೂತಿದ್ದ ಹುಡುಗಿಯೊಬ್ಬಳ ಫೋಟೋವನ್ನು ಕೇಳದೆ ಪತ್ರಿಕೆಯಲ್ಲಿ ಹಾಕಿದ್ದಕ್ಕೆ ಕೆನಡಾದ ಸುಪ್ರೀಂ ಕೋರ್ಟ್ 1998ರಲ್ಲಿ ಅವಳ ಪರ ತೀರ್ಪು ಕೊಟ್ಟಿದೆ. ಒಬ್ಬ ವ್ಯಕ್ತಿಯೇ ಚಿತ್ರದ ಮುಖ್ಯ ವಿಷಯವಾಗಿ ಗುರುತು ಸಿಗುವಂತಿದ್ದರೆ, ಪ್ರಕಟಿಸುವ ಮುಂಚೆ ಒಪ್ಪಿಗೆ ಬೇಕು. ಗುಂಪಿನಲ್ಲಿ ಯಾರೋ ಬಂದರೆ ಅದು ಬೇರೆ ಮಾತು. ಚಳಿಗಾಲ ಇಲ್ಲಿ ನಮಗೆ ನೆರವಾಗುತ್ತದೆ, ಮಫ್ಲರ್ ಟೋಪಿಯಲ್ಲಿ ಅರ್ಧ ಮುಖ ಮುಚ್ಚಿರುತ್ತದೆ. ಆದರೂ ‘ಬೋಂಜೂರ್’ ಎಂದು ನಕ್ಕು ಕೇಳಿದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ. ಕಟ್ಟಡಗಳಿಗೆ ಈ ತೊಂದರೆ ಇಲ್ಲ. ಕಟ್ಟಡಗಳ, ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿಟ್ಟ ಶಿಲ್ಪಗಳ ಫೋಟೋ ತೆಗೆಯಲು ಕೆನಡಾದ ಹಕ್ಕುಸ್ವಾಮ್ಯ ಕಾನೂನು ಅವಕಾಶ ಕೊಟ್ಟಿದೆ.

ಇನ್ನು ಕ್ಯಾಮೆರಾ ವಿಷಯ. ಹಿಮ ತುಂಬಿದ ದೃಶ್ಯವನ್ನು ಕ್ಯಾಮೆರಾ ಬೂದು ಮಾಡಿಬಿಡುತ್ತದೆ, ಯಾಕೆಂದರೆ ಅದರ ಮೀಟರ್ ಎಲ್ಲವನ್ನೂ ಮಧ್ಯಮ ಬೂದು ಎಂದೇ ಅಳೆಯುತ್ತದೆ. ಎಕ್ಸ್‌ಪೋಶರ್ ಅನ್ನು ಒಂದರಿಂದ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಮೇಲೆ ಏರಿಸಿ, ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕಪ್ಪು ಬಿಳುಪು ಎಷ್ಟಿದೆ ಎಂದು ತೋರಿಸುವ ನಕ್ಷೆ) ನೋಡಿ ಬಿಳಿ ಸುಟ್ಟುಹೋಗದಂತೆ ನಿಲ್ಲಿಸಿ. ರಾ ಫೈಲ್‌ನಲ್ಲೇ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲೇ, ತೆಗೆಯಿರಿ. ಹಿಮದ ಮೇಲಿನ ನೆರಳು ನೀಲಿಯಾಗಿ ಕಾಣುತ್ತದೆ. ನೆರಳಿಗೆ ಬೆಳಕು ನೀಲಿ ಆಕಾಶದಿಂದ ಬರುವುದರಿಂದ ಹಾಗೆ. ಅದನ್ನು ಪೂರ್ತಿ ತೆಗೆದುಹಾಕಬೇಡಿ, ಚಳಿ ಅನ್ನಿಸುವುದೇ ಆ ನೀಲಿಯಿಂದ. ಹಿಮ ಬೀಳುತ್ತಿರುವಾಗ ಶಟರ್ 1/250 ಸೆಕೆಂಡಿಗಿಂತ ವೇಗವಾಗಿದ್ದರೆ ಚುಕ್ಕಿಗಳು, 1/60 ಹತ್ತಿರ ಇಟ್ಟರೆ ಗೆರೆಗಳು. ಕಟ್ಟಡ ಮುಖ್ಯವಾದಾಗ ಗೆರೆ ಇಷ್ಟ, ಜನ ಮುಖ್ಯವಾದಾಗ ಚುಕ್ಕಿ.

ಬ್ಯಾಟರಿ ಚಳಿಯಲ್ಲಿ ಬೇಗ ಸೋಲುತ್ತದೆ. ಮೂರು ಬ್ಯಾಟರಿ ಇಟ್ಟುಕೊಳ್ಳಿ, ಕ್ಯಾಮೆರಾದಲ್ಲಿ ಒಂದು, ಉಳಿದೆರಡು ಮೈಗೆ ತಾಗುವ ಒಳಜೇಬಿನಲ್ಲಿ. ಖಾಲಿ ಎಂದು ತೋರಿಸಿದ ಬ್ಯಾಟರಿ ಜೇಬಿನಲ್ಲಿ ಬೆಚ್ಚಗಾದ ಮೇಲೆ ಇನ್ನಷ್ಟು ಹೊತ್ತು ನಡೆಯುತ್ತದೆ. ವಿಮಾನದಲ್ಲಿ ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು. ಎಲ್ಲಕ್ಕಿಂತ ಮುಖ್ಯ, ಹೊರಗಿನಿಂದ ಬೆಚ್ಚಗಿನ ಕೋಣೆಗೆ ಬರುವ ಮುಂಚೆ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿ ತೆಗೆದು ಮುಚ್ಚಿ. ಮೆಮೊರಿ ಕಾರ್ಡ್ ಹೊರಗಿರುವಾಗಲೇ ತೆಗೆದುಕೊಳ್ಳಿ. ಗಂಟೆ ಕಳೆದ ಮೇಲೆ ಚೀಲ ಬಿಚ್ಚಿ. ಇಲ್ಲದಿದ್ದರೆ ಒಳಗಿನ ತೇವ ತಣ್ಣಗಿನ ಲೆನ್ಸ್ ಮೇಲೆ, ಅದರೊಳಗೂ ನೀರಾಗಿ ಕೂರುತ್ತದೆ. ಕೆಫೆಗೆ ಹತ್ತು ನಿಮಿಷ ಕಾಫಿಗೆ ಹೋದರೂ ಇದೇ ನಿಯಮ. ಲೆನ್ಸ್ ಮೇಲೆ ಹಿಮ ಬಿದ್ದರೆ ಬಾಯಿಂದ ಊದಬೇಡಿ, ಉಸಿರು ಅಲ್ಲೇ ಮಂಜುಗಟ್ಟುತ್ತದೆ. ಬ್ರಷ್ ಅಥವಾ ಗಾಳಿ ಬಲ್ಬ್ ಬಳಸಿ.

ಮಾಂಟ್ರಿಯಲ್‌ನಿಂದ ಕ್ವಿಬೆಕ್ ಸಿಟಿಗೆ ರೈಲಿದೆ, ಮೂರು ಗಂಟೆಗೆ ಸ್ವಲ್ಪ ಜಾಸ್ತಿ. ಹಳೇ ಊರಿಗೆ 1985ರಿಂದ ಯುನೆಸ್ಕೊ ಮಾನ್ಯತೆ ಇದೆ. ಕೋಟೆಗೋಡೆ ಇನ್ನೂ ಗಟ್ಟಿಯಾಗಿ ನಿಂತಿದೆ. ಎಲ್ಲರೂ ತೆಗೆಯುವುದು ಶಾಟೋ ಫ್ರಾಂಟೆನಾಕ್ ಹೋಟೆಲನ್ನು. 1893ರಲ್ಲಿ ಬಾಗಿಲು ತೆರೆದದ್ದು, ಬ್ರೂಸ್ ಪ್ರೈಸ್ ವಿನ್ಯಾಸ, ಕೆನಡಿಯನ್ ಪೆಸಿಫಿಕ್ ರೈಲ್ವೆ ಕಟ್ಟಿಸಿದ್ದು. ಅದರ ಬುಡದಲ್ಲೇ ನಿಂತು ಮೇಲೆ ನೋಡುವ ಬದಲು ಲೆವಿ ಊರಿಗೆ ಹೋಗುವ ದೋಣಿ ಹತ್ತಿ. ಸೇಂಟ್ ಲಾರೆನ್ಸ್ ನದಿ ದಾಟಲು ಹತ್ತು ಹನ್ನೆರಡು ನಿಮಿಷ. ದೋಣಿ ಚಳಿಗಾಲವಿಡೀ ಓಡುತ್ತದೆ, ದೊಡ್ಡ ದೊಡ್ಡ ಮಂಜುಗಡ್ಡೆಗಳನ್ನು ಸೀಳಿಕೊಂಡು. ಆ ಗಡ್ಡೆಗಳು ಉಬ್ಬರ ಇಳಿತಕ್ಕೆ ತಕ್ಕಂತೆ ಅತ್ತಿತ್ತ ಚಲಿಸುವುದರಿಂದ ಒಂದೊಂದು ಸಲವೂ ಮುನ್ನೆಲೆ ಬೇರೆ. ಬೆಳಗ್ಗೆ ಬಿಸಿಲು ಹೋಟೆಲಿನ ಮುಖಕ್ಕೇ ಬೀಳುತ್ತದೆ. ಸಂಜೆ ಸೂರ್ಯ ಅದರ ಹಿಂದೆ ಇಳಿಯುತ್ತಾನೆ, ಕಿಟಕಿಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಎರಡೂ ಹೊತ್ತು ಹೋಗಿ ಬನ್ನಿ.

ಕೆಳಗಿನ ಪೆಟಿ ಷಾಂಪ್ಲೇನ್ ಬೀದಿ ಚೆಂದ, ಆದರೆ ಹತ್ತು ಗಂಟೆಯ ನಂತರ ಬರೀ ಜನ. ಗೋಡೆಗೆ ಒರಗಿಸಿದ ಕೋಲು ಕಂಡರೆ ಅದರ ಕೆಳಗೆ ನಿಲ್ಲಬೇಡಿ. ಮೇಲಿನ ಮಾಡಿನಿಂದ ಮಂಜುಗಡ್ಡೆ ಬೀಳಬಹುದು ಎಂಬ ಎಚ್ಚರಿಕೆ ಅದು. ಕಣ್ಣು ಕ್ಯಾಮೆರಾಗೆ ಹಚ್ಚಿ ಹಿಂದೆ ಹಿಂದೆ ನಡೆಯುವ ಅಭ್ಯಾಸ ಇದ್ದವರು ಇಲ್ಲಿ ಜಾಸ್ತಿ ಹುಷಾರಾಗಿರಬೇಕು. ಹಗ್ಗ ಕಟ್ಟಿಕೊಂಡು ಮಾಡಿನ ಹಿಮ ತಳ್ಳುವ ಕೆಲಸಗಾರರು ಕಂಡರೆ ಬೀದಿಯ ಆಚೆ ಬದಿಯಿಂದ ತೆಗೆಯಿರಿ. ಆ ಕೆಲಸಕ್ಕೆ ಎಷ್ಟು ಧೈರ್ಯ ಬೇಕು ಎಂದು ಚಿತ್ರದಲ್ಲಿ ಕಾಣುತ್ತದೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಪೂಟಿನ್ ಅಂದರೆ ಆಲೂ, ಚೀಸ್, ಮೇಲೆ ಗ್ರೇವಿ. ಗ್ರೇವಿಯಲ್ಲಿ ಸಾಮಾನ್ಯವಾಗಿ ಮಾಂಸದ ಸಾರು ಇರುತ್ತದೆ, ಕೇಳಿ ತಿನ್ನಿ.

ಒಟ್ಟಾವಾದಲ್ಲಿ ರಿಡೋ ಕಾಲುವೆಯೇ ದೊಡ್ಡ ಆಕರ್ಷಣೆ. ಹೆಪ್ಪುಗಟ್ಟಿದ 7.8 ಕಿಲೋಮೀಟರ್ ಕಾಲುವೆಯ ಮೇಲೆ ಜನ ಸ್ಕೇಟ್ ಮಾಡುತ್ತ ಆಫೀಸಿಗೂ ಹೋಗುತ್ತಾರೆ. ಆದರೆ ಮಂಜು ಸಾಕಷ್ಟು ದಪ್ಪ ಆದರೆ ಮಾತ್ರ ತೆರೆಯುತ್ತಾರೆ. 2022-23ರ ಚಳಿಗಾಲದಲ್ಲಿ ಅದು ತೆರೆಯಲೇ ಇಲ್ಲ. ಹೋಟೆಲ್ ಕಾಯ್ದಿರಿಸುವಾಗ ರದ್ದು ಮಾಡಲು ಅವಕಾಶ ಇರುವುದನ್ನೇ ತೆಗೆದುಕೊಳ್ಳಿ. ಸಂಸತ್ತಿನ ಮುಖ್ಯ ಕಟ್ಟಡದಲ್ಲಿ ವರ್ಷಗಟ್ಟಲೆ ನಡೆಯುವ ದುರಸ್ತಿ ಕೆಲಸ ಇದೆ, ಕ್ರೇನ್‌ಗಳು ಕಾಣುತ್ತವೆ. ನದಿಯಾಚೆ ಗಾಟಿನೋದ ಇತಿಹಾಸ ಮ್ಯೂಸಿಯಂ ಬಳಿಯಿಂದ ಮಧ್ಯಾಹ್ನದ ನಂತರ ತೆಗೆದರೆ ಬಂಡೆಯ ಮೇಲಿನ ಇಡೀ ಕಟ್ಟಡ ಸಮೂಹ ಬೆಳಕಿನಲ್ಲಿರುತ್ತದೆ. 1916ರ ಬೆಂಕಿಯಲ್ಲಿ ಉಳಿದುಕೊಂಡ ಗ್ರಂಥಾಲಯ ಆ ಕಡೆಗೇ ಇದೆ. ಮ್ಯೂಸಿಯಂನ ಕಟ್ಟಡವೂ ನೋಡುವಂಥದ್ದು, ಡಗ್ಲಸ್ ಕಾರ್ಡಿನಲ್ ವಿನ್ಯಾಸದ ಅಲೆಅಲೆಯಾದ ಕಲ್ಲಿನ ಗೋಡೆಗಳು.

ಟೊರೊಂಟೊದಲ್ಲಿ ಹಿಮ ನಿಲ್ಲುವುದು ಕಡಿಮೆ, ಬೇಗ ಕೆಸರಾಗುತ್ತದೆ. ಹಾಗಾಗಿ ಅಲ್ಲಿ ಹಿಮಕ್ಕೆ ಕಾಯಬೇಡಿ, ಬಿದ್ದ ದಿನ ಎಲ್ಲ ಬಿಟ್ಟು ಓಡಿ. ವಿಲ್ಯೊ ರೆವೆಲ್ ವಿನ್ಯಾಸದ 1965ರ ಸಿಟಿ ಹಾಲ್, ಅದರ ಎರಡು ಬಾಗಿದ ಗೋಪುರಗಳು, ಮುಂದೆ ಸ್ಕೇಟಿಂಗ್ ಅಂಕಣ. ಸಂಜೆ ಆರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಆ ಊರಲ್ಲಿ ಇಲ್ಲ. ಕ್ಯಾಲಟ್ರಾವಾ ವಿನ್ಯಾಸ ಮಾಡಿದ ಬ್ರೂಕ್‌ಫೀಲ್ಡ್ ಪ್ಲೇಸ್‌ನ ಬಿಳಿ ಕಮಾನುಗಳ ಗಾಜಿನ ಓಣಿ, 1892ರ ಮೂಲೆಮನೆ ಗುಡರ್‌ಹ್ಯಾಮ್ ಕಟ್ಟಡ, ಕೆಂಪು ಟ್ರಾಮ್‌ಗಳು, ಒಂದು ದಿನ ಇದ್ದರೆ ಸಾಕು.

ಬಟ್ಟೆಯಲ್ಲಿ ದುಡ್ಡು ಉಳಿಸಬೇಡಿ. ಬೂಟು ಮತ್ತು ಕೈಗವಸು ಅಲ್ಲೇ ಕೊಳ್ಳಿ, ನಮ್ಮಲ್ಲಿ ಸಿಗುವುದು ಅಲ್ಲಿಗೆ ಸಾಲುವುದಿಲ್ಲ. ಒಳಗೆ ತೆಳ್ಳನೆಯ ಗ್ಲೌಸ್, ಮೇಲೆ ದಪ್ಪದ್ದು. ಶಟರ್ ಒತ್ತುವಾಗ ಮೇಲಿನದನ್ನು ಮಾತ್ರ ತೆಗೆಯಿರಿ. ಲೋಹದ ಟ್ರೈಪಾಡನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕಾಲುಗಳಿಗೆ ಫೋಮ್ ಸುತ್ತಿಕೊಳ್ಳಿ. ಹವಾಮಾನ ವರದಿಯಲ್ಲಿ ಉಷ್ಣಾಂಶದ ಜೊತೆ ವಿಂಡ್ ಚಿಲ್, ಅಂದರೆ ಗಾಳಿ ಸೇರಿ ಮೈಗೆ ಅನ್ನಿಸುವ ಚಳಿಯ ಅಳತೆ, ನೋಡಿ. ಅದು ಮೈನಸ್ 28ಕ್ಕಿಂತ ಕೆಳಗಿದ್ದರೆ ತೆರೆದ ಚರ್ಮ ಹತ್ತರಿಂದ ಮೂವತ್ತು ನಿಮಿಷದಲ್ಲೇ ಹೆಪ್ಪುಗಟ್ಟಬಹುದು. ಬೆರಳು, ಮೂಗು, ಕಿವಿಯ ತುದಿಯಲ್ಲಿ ನೋವು ಹೋಗಿ ಮರಗಟ್ಟಿದರೆ ಆ ಚಿತ್ರ ಬಿಟ್ಟು ಒಳಗೆ ಹೋಗಿ.

ಒಂದೇ ವಾರ ಸಿಕ್ಕರೆ ನಾಲ್ಕು ದಿನ ಮಾಂಟ್ರಿಯಲ್, ಎರಡು ದಿನ ಕ್ವಿಬೆಕ್ ಸಿಟಿ ಇಟ್ಟುಕೊಂಡು ಉಳಿದ ಒಂದು ದಿನವನ್ನು ಹಿಮಗಾಳಿಗೆ ಬಿಡಿ. ರೈಲು, ವಿಮಾನ ಎರಡೂ ತಡವಾಗುವ ತಿಂಗಳು ಅದು. ಹತ್ತು ದಿನ ಇದ್ದರೆ ಒಟ್ಟಾವಾ ಸೇರಿಸಿ. ಟೊರೊಂಟೊದಲ್ಲೇ ಇಳಿಯುವವರು ಅದನ್ನು ಕೊನೆಗೆ ಇಟ್ಟುಕೊಳ್ಳಿ. ನೆಂಟರ ಮನೆ ಇದ್ದರೆ ಅಲ್ಲಿ ಕೂತು ಫೈಲ್‌ಗಳನ್ನು ಎರಡು ಕಡೆ ಕಾಪಿ ಮಾಡಿಕೊಂಡೇ ವಿಮಾನ ಹತ್ತಬಹುದು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮುಂಚೆಯೇ ವೀಸಾ ಬೇಕು. ಫೆಬ್ರವರಿಗೆ ಹೋಗುವವರು ದಸರಾ ಹೊತ್ತಿಗೇ ಅರ್ಜಿ ಹಾಕಿಬಿಡಿ.