ಚಾರ್ಮಾಡಿ ಬುಡದಲ್ಲಿ ಮಾತ್ರ ನಾಕ್: 1.8ಟಿ ಟೈಮಿಂಗ್ ಮ್ಯಾಪ್, ಮೂರನೇ ಫೈಲ್

ಚಿಕ್ಕಮಗಳೂರಿನ ಸುತ್ತಮುತ್ತ ಎಷ್ಟು ಓಡಿಸಿದರೂ ಇಂಜಿನ್ನಿನ ಲಾಗ್ ಸ್ವಚ್ಛ. ಮುಳ್ಳಯ್ಯನಗಿರಿ ಹತ್ತಿಸಿದರೂ ನಾಕ್ (ಸಿಲಿಂಡರಿನೊಳಗೆ ಮಿಶ್ರಣ ತಾನಾಗಿ ಸಿಡಿಯುವುದು) ಇಲ್ಲ. ಅದೇ ಟ್ಯೂನಿಂಗ್ ಫೈಲ್, ಅದೇ ಟ್ಯಾಂಕಿನ ಪೆಟ್ರೋಲ್; ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದು, ಬುಡದಿಂದ ಮತ್ತೆ ಮೇಲೆ ಹೊರಟರೆ ಲಾಗಿನ ಬ್ಲಾಕ್ 020ರಲ್ಲಿ ಒಂದು, ಎರಡು, ನಾಲ್ಕನೇ ಸಿಲಿಂಡರಿಗೆ 6 ಡಿಗ್ರಿ ರಿಟಾರ್ಡ್ (ನಾಕ್ ತಡೆಯಲು ಕಿಡಿ ತಡಮಾಡುವುದು), ಮೂರನೆಯದಕ್ಕೆ 8.25. ಕಾರಣ ಈ ವಾರ ಸಿಕ್ಕಿತು.

ಗಾಡಿ ಹಳೆಯ ಆಕ್ಟೇವಿಯಾ ಆರ್‌ಎಸ್, 150 ಅಶ್ವಶಕ್ತಿಯ 1.8ಟಿ, ಇಸಿಯು (ಇಂಜಿನ್ ಕಂಪ್ಯೂಟರ್) ಬಾಷ್ ಎಂಇ7.5. ಬೂಸ್ಟ್ (ಟರ್ಬೊ ಒತ್ತಡ) ಏರಿಸಿದ ಮೇಲೆ, ಕಿಡಿ ಬೀಳುವ ಹೊತ್ತನ್ನು ಹೇಳುವ ಮೂಲ ಮ್ಯಾಪ್ ಕೆಎಫ್‌ಝಡ್‌ಡಬ್ಲ್ಯೂನಲ್ಲಿ ಆ ಲೋಡಿಗೆ (ಸಿಲಿಂಡರಿಗೆ ತುಂಬುವ ಗಾಳಿಯ ಶೇಕಡಾ ಲೆಕ್ಕ) ಬೆಲೆಗಳೇ ಇರಲಿಲ್ಲ. ಹಾಗಾಗಿ ಆಡಿ ಟಿಟಿ 225ರ ಫೈಲಿನಿಂದ ತರುವುದೆಂದಾಯಿತು. ಬೋರ್ 81, ಸ್ಟ್ರೋಕ್ 86.4 ಎರಡರಲ್ಲೂ ಒಂದೇ. ಕಂಪ್ರೆಷನ್ ಮಾತ್ರ ಬೇರೆ: ಟಿಟಿಯದು ಸುಮಾರು 9, ನಮ್ಮದು ಸುಮಾರು 9.5.

ಮ್ಯಾಪ್ ಎರಡರಲ್ಲೂ 16 ಆರ್‌ಪಿಎಂ, 12 ಲೋಡ್, ಒಟ್ಟು 192 ಮನೆ. ಅಳತೆ ಒಂದೇ ಇದೆಯೆಂದು ಹಾಗೇ ಪೇಸ್ಟ್ ಮಾಡುವ ಆಸೆ ಯಾರಿಗೂ ಬರುತ್ತದೆ. ಮೊದಲ ಫೈಲ್ ಅದೇ. ಟಿಟಿಯ ಲೋಡ್ ಆಕ್ಸಿಸ್ ಮುಗಿಯುವುದು 180ರಲ್ಲಿ, ನಮ್ಮದು 140.25ರಲ್ಲಿ. 180ಕ್ಕೆಂದು ಬರೆದ ಟೈಮಿಂಗ್ 140ಕ್ಕೇ ಬಂದು ಕೂತಿತು. ನಾಕ್ ಇಲ್ಲ, ಆದರೆ ಎಳೆತವೂ ಇಲ್ಲ, ಎಕ್ಸಾಸ್ಟ್ ಕೆಂಡ.

ಎರಡನೇ ಫೈಲಿನಲ್ಲಿ ಟಿಟಿಯ ಬೆಲೆಗಳನ್ನು ನಮ್ಮ 12 ಲೋಡ್ ಬಿಂದುಗಳಿಗೆ ಇಂಟರ್ಪೊಲೇಟ್ ಮಾಡಿ (ಎರಡು ಬಿಂದುಗಳ ನಡುವಿನ ಬೆಲೆ ಲೆಕ್ಕಹಾಕಿ), ಹೆಚ್ಚಿನ ಕಂಪ್ರೆಷನ್ನಿಗಾಗಿ ಮೇಲಿನ ಲೋಡಿನಲ್ಲಿ 2.25 ಡಿಗ್ರಿ ಕಳೆದದ್ದಾಯಿತು. ಒಂದು ಬಿಟ್‌ಗೆ 0.75 ಡಿಗ್ರಿ, ಅಂದರೆ ಮೂರು ಹೆಜ್ಜೆ. ನಡುವೆ ಬಿದ್ದ ಬೆಲೆಯನ್ನು ಯಾವಾಗಲೂ ಕೆಳಗಿನ ಹೆಜ್ಜೆಗೇ ಇಳಿಸಬೇಕು. ಗಾಡಿ ಚೆನ್ನಾಗಿ ಎದ್ದಿತು. ನಾಕ್ ಬಂದದ್ದೂ ಇದೇ ಫೈಲಿನಲ್ಲಿ.

ಸಿಕ್ಕು ಇರುವುದು ಇಲ್ಲಿ. ಲೋಡ್ ಆಕ್ಸಿಸ್ಸಿನ ಕೊನೆ ದಾಟಿದರೆ ಇಸಿಯು ಇಳಿಜಾರನ್ನು ಮುಂದಕ್ಕೆ ಎಳೆಯುವುದಿಲ್ಲ, ಕೊನೆಯ ಕಂಬದ ಬೆಲೆಯನ್ನೇ ಹಿಡಿದುಕೊಳ್ಳುತ್ತದೆ. ಲೋಡ್ 164 ಆದರೂ ಟೈಮಿಂಗ್ 140.25ರದ್ದೇ. ಟಿಟಿಯ ಫೈಲಿನಲ್ಲಿ ಈ ಎರಡರ ನಡುವೆ 4.5 ಡಿಗ್ರಿ ಇಳಿತವಿದೆ. ಅಷ್ಟೂ ನಮ್ಮಲ್ಲಿ ಹೆಚ್ಚುವರಿ ಅಡ್ವಾನ್ಸ್ (ಕಿಡಿ ಬೇಗ ಬೀಳುವುದು) ಆಗಿ ಉಳಿಯಿತು.

ಹಾಗಾದರೆ ಮೇಲೆ ಯಾಕೆ ಕಾಣಲಿಲ್ಲ? ಕೆಎಫ್‌ಎಲ್‌ಡಿಎಚ್‌ಬಿಎನ್ ಮ್ಯಾಪ್ ಕಂಪ್ರೆಸರಿನ ಒತ್ತಡದ ಅನುಪಾತಕ್ಕೆ ಮಿತಿ ಹಾಕುತ್ತದೆ, ಈ ಫೈಲಿನಲ್ಲಿ ಅದು 1.8. ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸುಮಾರು 890 ಮಿಲಿಬಾರ್. 1.8ರಿಂದ ಗುಣಿಸಿದರೆ 1,600. ಲೋಡ್ 145ಕ್ಕೆ ನಿಲ್ಲುತ್ತದೆ. ಘಾಟಿಯ ಬುಡದಲ್ಲಿ ಒತ್ತಡ ಸುಮಾರು 1,000. ಗುಣಿಸಿದರೆ 1,800, ಲೋಡ್ 164. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್, ಅಲ್ಲಿ ಒತ್ತಡ 800ರ ಆಸುಪಾಸು. ಆ ಕಡೆಯ ಏರು ಎಷ್ಟೇ ಕಡಿದಾಗಿದ್ದರೂ ಮೇಲಿನ ಲೋಡ್ ಮುಟ್ಟುವುದೇ ಇಲ್ಲ. ಮಲೆನಾಡಿನಲ್ಲಿ ಟ್ಯೂನ್ ಮಾಡುವವರು ಫೈಲನ್ನು ಒಮ್ಮೆ ಕರಾವಳಿಯ ಬಿಸಿ, ದಟ್ಟ ಗಾಳಿಗೆ ಇಳಿಸಿ ಲಾಗ್ ತೆಗೆಯಲೇಬೇಕು. ಹಾಸನದವರಿಗೆ ಶಿರಾಡಿ ಇಳಿದರೆ ಗುಂಡ್ಯ ಸಾಕು.

ಮೂರನೇ ಫೈಲಿನಲ್ಲಿ ಆಕ್ಸಿಸ್ಸನ್ನೇ ಬದಲಿಸಲಾಗಿದೆ. ಕಡಿಮೆ ಲೋಡಿನಲ್ಲಿ ಅಕ್ಕಪಕ್ಕದ ಬೆಲೆ ಹೆಚ್ಚು ಬದಲಾಗದ ಎರಡು ಕಂಬ ತೆಗೆದು, ಕೊನೆಗೆ 159.75 ಮತ್ತು 180 ಸೇರಿಸಿದ್ದಾಯಿತು. ಲೋಡ್ 8 ಬಿಟ್, ಹೆಜ್ಜೆ 0.75, ಹಾಗಾಗಿ 160 ಬರೆಯಲಾಗದು, 191.25 ದಾಟಲೂ ಆಗದು. ಮರೆಯಬಾರದ್ದು: ಈ ಆಕ್ಸಿಸ್ ಕೆಎಫ್‌ಝಡ್‌ಡಬ್ಲ್ಯೂ ಒಂದರ ಸ್ವತ್ತಲ್ಲ. ಕೆಎಫ್‌ಝಡ್‌ಡಬ್ಲ್ಯೂ2 ಕೂಡ ಅದನ್ನೇ ಓದುತ್ತದೆ. ಅದೇ ವಿಳಾಸವನ್ನು ಇನ್ನು ಯಾವ್ಯಾವ ಮ್ಯಾಪ್ ಓದುತ್ತವೆಂದು ಮ್ಯಾಪ್ ತಿದ್ದುವ ತಂತ್ರಾಂಶ ವಿನ್‌ಓಎಲ್‌ಎಸ್‌ನಲ್ಲಿ ಹುಡುಕಿ, ಎಲ್ಲವನ್ನೂ ಹೊಸ ಬಿಂದುಗಳಿಗೆ ಇಂಟರ್ಪೊಲೇಟ್ ಮಾಡಬೇಕು. ಆಮೇಲೆ ಚೆಕ್‌ಸಮ್ (ಫೈಲ್ ಸರಿಯಿದೆಯೇ ಎಂದು ಇಸಿಯು ನೋಡುವ ಮೊತ್ತ) ತಿದ್ದಬೇಕು. ಕೆಎಫ್‌ಝಡ್‌ಡಬ್ಲ್ಯೂಓಪಿಯನ್ನು ಟಿಟಿಯಿಂದ ತರಲಿಲ್ಲ. ಅದು ಅತಿ ಹೆಚ್ಚು ಟಾರ್ಕ್ ಕೊಡುವ ಟೈಮಿಂಗಿನ ಮ್ಯಾಪ್, ಟಾರ್ಕ್ ಲೆಕ್ಕದ ಬುನಾದಿ. ಕಂಪ್ರೆಷನ್ ಬೇರೆಯಾದ ಇಂಜಿನ್ನಿನದನ್ನು ಹಾಕಿದರೆ ಲೆಕ್ಕವೇ ಸುಳ್ಳಾಗುತ್ತದೆ.

ಸೆನ್ಸರ್ ಮೇಲಿನ ಅನುಮಾನ ಕಳೆಯಲು ನಾಕ್ ಸೆನ್ಸರ್ ಬೋಲ್ಟ್ ಬಿಚ್ಚಿ, ತಳ ಒರೆಸಿ, 20 ನ್ಯೂಟನ್ ಮೀಟರಿಗೆ ಮತ್ತೆ ಬಿಗಿದದ್ದಾಗಿತ್ತು. ಪ್ಲಗ್ ವಿಷಯದಲ್ಲಿ ಮಾತ್ರ ಹತ್ತು ದಿನ ಹಾಳು. ಒಂದು ಹಂತ ತಣ್ಣಗಿನ (ಬಿಸಿ ಬೇಗ ಬಿಡುವ) 7ನೇ ನಂಬರ್ ಎನ್‌ಜಿಕೆ ಕೇಳಿದರೆ ಅಂಗಡಿಯಿಂದ ಬಂದ 7ರ ಡಬ್ಬಿಯೊಳಗೆ ಇದ್ದದ್ದು 6. ಡಬ್ಬಿ ನಂಬಬೇಡಿ, ಪಿಂಗಾಣಿಯ ಮೇಲಿನ ಅಕ್ಷರ ಓದಿ. ಗ್ಯಾಪ್ 0.7 ಮಿಲಿಮೀಟರ್.

ಇದರ ನಡುವೆಯೇ ಮುಂದಿನದು ತಲೆ ತಿನ್ನುತ್ತಿದೆ: 1.8 ಟಿಎಸ್‌ಐಗೆ 2.0 ಟಿಎಸ್‌ಐ ಮ್ಯಾಪ್. ಬೋರ್ ಎರಡಕ್ಕೂ 82.5, ಸ್ಟ್ರೋಕ್ 84.1 ಮತ್ತು 92.8. ಲೋಡ್ ಶೇಕಡಾ ಲೆಕ್ಕವಾದ್ದರಿಂದ ಸಿಸಿ ವ್ಯತ್ಯಾಸ ಅಲ್ಲಿ ಕಾಣುವುದಿಲ್ಲ, ಆದರೆ ಅದೇ ಆರ್‌ಪಿಎಂನಲ್ಲಿ ಪಿಸ್ಟನ್ ವೇಗ ಬೇರೆ. ಅಲ್ಲಿ ಆಕ್ಸಿಸ್ ಹೊಂದಿಸಿದರಷ್ಟೇ ಸಾಲದು.

ಮೂರನೇ ಫೈಲಿನೊಂದಿಗೆ ಚಾರ್ಮಾಡಿ ಬುಡದಿಂದ ಮೂರು ಸಲ ಹತ್ತಿಸಿದ ಲಾಗ್: ಒಂದು, ಎರಡು, ನಾಲ್ಕನೇ ಸಿಲಿಂಡರ್ ಸೊನ್ನೆ. ಮೂರನೆಯದರಲ್ಲಿ 2,800ರಿಂದ 3,400 ಆರ್‌ಪಿಎಂ ನಡುವೆ ಇನ್ನೂ 1.5 ಉಳಿದಿದೆ. ಅಲ್ಲಿನ ನಾಲ್ಕು ಮನೆಗಳಲ್ಲಿ ತಲಾ ಎರಡು ಹೆಜ್ಜೆ ಇಳಿಸಿ, ಮಳೆ ಹಿಡಿಯುವ ಮೊದಲು ಇನ್ನೊಮ್ಮೆ ಘಾಟಿ ಇಳಿಯಬೇಕು.