ಮೋರ್ಕಮ್‌ಗೆ ಹೊರಡುವ ಮುಂಚೆ ಉಬ್ಬರದ ಹೊತ್ತು ನೋಡಿಕೊಳ್ಳಿ

ಹೋದ ಬೇಸಿಗೆಯಲ್ಲಿ ಅಪ್ಪ ಅಮ್ಮ ಊರಿಂದ ಬಂದಿದ್ದಾಗ ಮ್ಯಾಂಚೆಸ್ಟರ್‌ನಿಂದ ಇಂಗ್ಲೆಂಡಿನ ವಾಯವ್ಯ ಕರಾವಳಿಯ ಊರು ಮೋರ್ಕಮ್‌ಗೆ ಕರೆದುಕೊಂಡು ಹೋಗಿದ್ದೆ. ದಡಕ್ಕೆ ಬರುತ್ತಲೇ ಅಮ್ಮ ಕೇಳಿದರು, "ಸಮುದ್ರ ಎಲ್ಲಿದೆಯೋ?" ಕಣ್ಣು ಹಾಯಿಸಿದಷ್ಟು ದೂರ ಬರೀ ಕೆಸರು, ಮರಳು. ನಾವು ಹೋಗಿದ್ದು ಇಳಿತದ ಹೊತ್ತಿಗೆ. ಇಲ್ಲಿ ನೀರು ಮೈಲುಗಟ್ಟಲೆ ಹಿಂದೆ ಸರಿಯುತ್ತದೆ. ಅದಕ್ಕೇ ಟಿಕೆಟ್ ಮಾಡಿಸುವ ಮುಂಚೆ ಆ ದಿನದ ಟೈಡ್ ಟೈಮ್ಸ್ (ಉಬ್ಬರ ಇಳಿತದ ವೇಳಾಪಟ್ಟಿ) ನೋಡಿ. ಉಬ್ಬರಕ್ಕೆ ಮೂರು ಗಂಟೆ ಮೊದಲು ಅಲ್ಲಿದ್ದರೆ ಬರೀ ಮರಳನ್ನೂ ನೋಡಬಹುದು, ನೀರು ಬರುವುದನ್ನೂ ನೋಡಬಹುದು.

ಲ್ಯಾಂಕಾಸ್ಟರ್‌ನಲ್ಲಿ ರೈಲು ಬದಲಿಸಬೇಕು. ಅಲ್ಲಿಂದ ಸುಮಾರು ಹತ್ತು ನಿಮಿಷ.

ಊರು ಸೊರಗಿದೆ, ನಿಜ. ಒಂದು ಕಾಲಕ್ಕೆ ಬ್ರಾಡ್‌ಫರ್ಡ್ ಕಡೆಯ ಗಿರಣಿ ಕೆಲಸಗಾರರು ರಜೆ ಕಳೆಯಲು ಇಲ್ಲಿಗೇ ಬರುತ್ತಿದ್ದರು. ಆಮೇಲೆ ಸ್ಪೇನ್‌ಗೆ ಕಡಿಮೆ ಖರ್ಚಿನ ವಿಮಾನಗಳು ಬಂದವು, ಜನ ಬಿಸಿಲು ಹುಡುಕಿಕೊಂಡು ಅಲ್ಲಿಗೆ ಹೋದರು. ವಿಹಾರಕ್ಕೆಂದು ಕಡಲಿನೊಳಕ್ಕೆ ಚಾಚಿ ಕಟ್ಟಿದ್ದ ಎರಡು ಪಿಯರ್‌ಗಳಲ್ಲಿ ಈಗ ಒಂದೂ ಇಲ್ಲ. ಬ್ಲ್ಯಾಕ್‌ಪೂಲ್‌ನಂಥ ಗದ್ದಲ ಬೇಕು ಅನ್ನುವವರು ಇಲ್ಲಿಗೆ ಬರಬೇಡಿ.

ಆದರೆ ಮಿಡ್‌ಲ್ಯಾಂಡ್ ಹೋಟೆಲ್ ತಪ್ಪಿಸಬೇಡಿ. 1933ರಲ್ಲಿ ತೆರೆದ ಬಿಳಿ ಕಟ್ಟಡ, ಕಡಲಿನತ್ತ ಬಾಗಿ ನಿಂತಿದೆ. ಉಳಿದುಕೊಳ್ಳುವುದು ದುಬಾರಿ ಅನಿಸಿದರೆ ಒಂದು ಟೀ ಕುಡಿದು ಬನ್ನಿ. ಸುರುಳಿ ಮೆಟ್ಟಿಲನ್ನು ಕೆಳಗೆ ನಿಂತು ನೋಡಿ, ಅಷ್ಟು ಚೆನ್ನಾಗಿದೆ. ಹತ್ತಿರದಲ್ಲೇ 1897ರ ವಿಂಟರ್ ಗಾರ್ಡನ್ಸ್ ರಂಗಮಂದಿರ ಇದೆ. ಊರಿನ ಸ್ವಯಂಸೇವಕರು ಅದನ್ನು ಉಳಿಸಿಕೊಂಡು ಬಂದಿದ್ದಾರೆ. ದಿನಾ ತೆರೆದಿರುವುದಿಲ್ಲ, ವಿಚಾರಿಸಿಕೊಂಡು ಹೋಗಿ. ಊರಿನ ಹೆಸರನ್ನೇ ತನ್ನದಾಗಿಸಿಕೊಂಡ ಹಾಸ್ಯನಟ ಎರಿಕ್ ಮೋರ್ಕಮ್‌ರ ಪ್ರತಿಮೆಯ ಮುಂದೆ ಎಲ್ಲರೂ ಅವರಂತೆ ಕಾಲೆತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅಪ್ಪನೂ ತೆಗೆಸಿಕೊಂಡರು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮಲ್ಪೆಯಲ್ಲೋ ಗೋಕರ್ಣದಲ್ಲೋ ಮರಳಿನ ಮೇಲೆ ದೂರ ನಡೆದುಹೋದ ಹಾಗೆ ಇಲ್ಲಿ ಹೋಗಬೇಡಿ. ಕಾಲು ಹೂತುಹೋಗುವ ಮರಳಿದೆ. ನೀರು ಓಡಿ ಬರುತ್ತದೆ, ಹಿಂದಿನಿಂದಲೂ ಸುತ್ತುವರಿಯುತ್ತದೆ. 2004ರ ಫೆಬ್ರವರಿಯಲ್ಲಿ ತಿನ್ನುವ ಚಿಪ್ಪುಮೀನು ಆರಿಸಲು ಹೋಗಿದ್ದ ಚೀನಾದ ಕನಿಷ್ಠ 21 ಕೆಲಸಗಾರರು ಈ ಕೊಲ್ಲಿಯಲ್ಲೇ ಮುಳುಗಿ ಸತ್ತರು. ಕೊಲ್ಲಿ ದಾಟುವ ಆಸೆ ಇದ್ದರೆ ದಾರಿ ಬಲ್ಲ ಗೈಡ್ ಜೊತೆಗಿನ ನಡಿಗೆಗೆ ಹೆಸರು ಕೊಡಿ. ಆ ಕೆಲಸಕ್ಕೆಂದು ರಾಜಮನೆತನ ನೇಮಿಸುವ ಗೈಡ್ ಇವತ್ತಿಗೂ ಇದ್ದಾರೆ.

ಸಸ್ಯಾಹಾರಿಗಳು ಚಿಪ್ಸ್ ಕೊಳ್ಳುವ ಮುಂಚೆ ಯಾವ ಎಣ್ಣೆಯಲ್ಲಿ ಕರಿದದ್ದು ಅಂತ ಕೇಳಿ. ಉತ್ತರ ಇಂಗ್ಲೆಂಡಿನ ಎಷ್ಟೋ ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ನಾವು ಚಪಾತಿ, ಪಲ್ಯ ಕಟ್ಟಿಕೊಂಡು ಹೋಗಿದ್ದೆವು. ಬೇಸಿಗೆಯಾದರೂ ಗಾಳಿ ಜಾಸ್ತಿ, ಸ್ವೆಟರ್ ಇರಲಿ.

ಸಂಜೆ ಕಡಲಿಗೆ ಚಾಚಿದ ಕಲ್ಲುಕಟ್ಟೆ ಸ್ಟೋನ್ ಜೆಟ್ಟಿಯ ಮೇಲೆ ಕೂತೆವು. ಕೊಲ್ಲಿಯ ಆಚೆ ಲೇಕ್ ಡಿಸ್ಟ್ರಿಕ್ಟ್‌ನ ಬೆಟ್ಟಗಳು ನೀಲಿಯಾಗಿ ಕಾಣುತ್ತಿದ್ದವು. ನೀರು ಸದ್ದಿಲ್ಲದೆ ತುಂಬಿಕೊಂಡು ಬಂತು. ಬೆಳಗ್ಗೆ ಸಮುದ್ರ ಹುಡುಕಿದ್ದ ಅಮ್ಮ ಆಗ ಏಳಲು ಒಪ್ಪಲೇ ಇಲ್ಲ. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂವರೆ ದಾಟಿರುತ್ತದೆ. ಕೊನೆಯ ರೈಲು ಎಷ್ಟು ಹೊತ್ತಿಗೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.